ಮದರಾಸಿನ ಮನೆಗಳಲ್ಲಿ ಕ್ಷಯ ಚಿಕಿತ್ಸೆ

ಪ್ರಶ್ನೆ: ಕ್ಷಯರೋಗಿಗಳನ್ನು ಸ್ಯಾನಿಟೋರಿಯಂಗೆ (ಕ್ಷಯರೋಗಿಗಳ ವಿಶೇಷ ಆಸ್ಪತ್ರೆಗೆ) ಸೇರಿಸದೆ ಮನೆಯಲ್ಲೇ ಗುಣಪಡಿಸಬಹುದೆಂದು ತೋರಿಸಿಕೊಟ್ಟವರು ಯಾರು?

ಉತ್ತರ: ಬ್ರಿಟಿಷ್ ವೈದ್ಯ ವ್ಯಾಲೇಸ್ ಫಾಕ್ಸ್ ನೇತೃತ್ವದ ತಂಡ. 1956ರಲ್ಲಿ ಮದರಾಸಿಗೆ ಬಂದ ಅವರು, ಬಡ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಸ್ಯಾನಿಟೋರಿಯಂನಲ್ಲೂ ಇನ್ನೊಂದಕ್ಕೆ ಮನೆಯಲ್ಲೂ ಐಸೋನಿಯಾಜಿಡ್ ಮತ್ತು ಪಿ.ಎ.ಎಸ್. ಔಷಧಗಳನ್ನು ಒಂದು ವರ್ಷ ಕೊಡಿಸಿದರು. ಇಕ್ಕಟ್ಟಾದ ಮನೆ, ಅರೆಹೊಟ್ಟೆ ಊಟಗಳ ನಡುವೆಯೂ ಮನೆಯಲ್ಲಿದ್ದವರು ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಗುಣಮುಖರಾದರೆಂದು 1959ರ ವರದಿ ತಿಳಿಸಿತು. ಮನೆಮಂದಿಗೆ ಸೋಂಕಿನ ಅಪಾಯವೂ ಹೆಚ್ಚಿರಲಿಲ್ಲ. ರೋಗಿ ಔಷಧ ನುಂಗುತ್ತಿದ್ದಾನೆಯೇ ಎಂದು ತಿಳಿಯಲು ಸಿಬ್ಬಂದಿ ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ, ಉಳಿದ ಔಷಧವನ್ನು ಎಣಿಸಿ, ಮೂತ್ರದ ಮಾದರಿಯನ್ನು ಪರೀಕ್ಷೆಗೆ ಒಯ್ಯುತ್ತಿದ್ದರು. ಈ ಅಧ್ಯಯನಕ್ಕೆ ತೂಕ ಬಂದದ್ದು ಇಂಥ ಎಚ್ಚರದಿಂದಲೇ ಎನ್ನಬೇಕು. ಮುಂದೆ ಫಾಕ್ಸ್ ಅವರು ಬ್ರಿಟಿಷ್ ಬ್ಯಾಕ್ಟೀರಿಯಾ ತಜ್ಞ ಡೆನಿಸ್ ಮಿಚಿಸನ್ ಅವರೊಡಗೂಡಿ ಪೂರ್ವ ಆಫ್ರಿಕದಲ್ಲಿ ನಡೆಸಿದ ಪ್ರಯೋಗಗಳು ಆರು ತಿಂಗಳ ಚಿಕಿತ್ಸಾಕ್ರಮಕ್ಕೆ ದಾರಿ ಮಾಡಿದವು.