ಸಂಪಾದಕರ ಉತ್ತರ: ಎಪ್ಪತ್ತಾರರಲ್ಲಿ ನಿಂತ ಮುಳ್ಳು

ಮಾನ್ಯ ಸೋದರಿ,

ಶಿರಾ ತಾಲ್ಲೂಕಿನಿಂದ ನೀವು ಬರೆದ ನಾಲ್ಕು ಪುಟಗಳ ಪತ್ರವನ್ನು ಎರಡು ಸಲ ಓದಿದೆ. ಹೆಸರು ಪ್ರಕಟಿಸಬಾರದೆಂದು ಕೋರಿದ್ದೀರಿ; ಹಾಗೆಯೇ ಆಗಲಿ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ನೀವು 43 ವರ್ಷದ ಶಾಲಾ ಶಿಕ್ಷಕಿ, ಎತ್ತರ 158 ಸೆಂಟಿಮೀಟರ್. ಮೂರು ವರ್ಷದ ಹಿಂದೆ 108 ಕಿಲೋ ತೂಗುತ್ತಿದ್ದಾಗ, ಸಕ್ಕರೆ ಕಾಯಿಲೆ ಮತ್ತು ಮಂಡಿನೋವು ಎರಡೂ ಸೇರಿ ಬದುಕು ದುಸ್ತರವಾದಾಗ, ಬೆಂಗಳೂರಿನಲ್ಲಿ ತೂಕ ಇಳಿಸಲು ಜಠರವನ್ನು ಕಿರಿದುಮಾಡುವ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರಿ. ಒಂದೂವರೆ ವರ್ಷದಲ್ಲಿ 71 ಕಿಲೋಗೆ ಇಳಿದಿರಿ, ಸಕ್ಕರೆಯ ಮಾತ್ರೆ ನಿಂತಿತು. ಆಮೇಲೆ ಮುಳ್ಳು ಮೆಲ್ಲಗೆ ಏರಿ ಈಗ 76ರಲ್ಲಿ ನಿಂತಿದೆ. "ಆಸ್ಪತ್ರೆಯ ಗೋಡೆಯ ಪಟ್ಟಿಯ ಪ್ರಕಾರ ನಾನು 58 ಕಿಲೋ ಒಳಗಿರಬೇಕು. ಅಲ್ಲಿಗೆ ಇಳಿಯಲು ಆಗುತ್ತಿಲ್ಲ, ಮತ್ತೆ ಏರುವ ಭಯ ಬಿಡುತ್ತಿಲ್ಲ. ನಾನು ಎಲ್ಲಿ ನಿಲ್ಲಬೇಕು?" ಎಂದು ಕೇಳಿದ್ದೀರಿ.

ನಾನು ವೈದ್ಯನಲ್ಲ. ಆದರೆ ಗುಬ್ಬಿಯಲ್ಲಿರುವ ನನ್ನ ಅತ್ತಿಗೆ ಏಳು ವರ್ಷದ ಹಿಂದೆ ಗ್ಯಾಸ್ಟ್ರಿಕ್ ಬೈಪಾಸ್, ಅಂದರೆ ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ಅಡ್ಡದಾರಿ ಜೋಡಿಸುವ ಶಸ್ತ್ರಚಿಕಿತ್ಸೆ, ಮಾಡಿಸಿಕೊಂಡವರು. ಅವರ ಈ ವರ್ಷಗಳನ್ನು ಹತ್ತಿರದಿಂದ ಕಂಡಿದ್ದೇನೆ, ಆ ಕಾರಣಕ್ಕೇ ಈ ವಿಷಯವನ್ನು ಸಾಕಷ್ಟು ಓದಿಯೂ ಇದ್ದೇನೆ. ಆ ಬಲದ ಮೇಲೆ ಮೊದಲು ಒಂದು ಮಾತನ್ನು ನೇರವಾಗಿ ಹೇಳುತ್ತೇನೆ: 58ನ್ನು ಮನಸ್ಸಿನಿಂದ ತೆಗೆದುಹಾಕಿ. ಭಾರತೀಯರಿಗೆ ದೇಹತೂಕ ಸೂಚ್ಯಂಕ (ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಅಂಕಿ) 23ರೊಳಗಿರಬೇಕೆಂಬ ಲೆಕ್ಕದಿಂದ ಆ ಪಟ್ಟಿ ಹುಟ್ಟಿದೆ. ತೂಕ ಏರದಂತೆ ನೋಡಿಕೊಳ್ಳಬೇಕಾದ ಊರಿನ ಜನರಿಗೆಲ್ಲ ಅದು ಒಳ್ಳೆಯ ಅಳತೆಯೇ. 108 ಕಿಲೋ ಹೊತ್ತು ಇಳಿಸಿದ ದೇಹದ ಮುಂದೆ ಅದನ್ನೇ ಹಿಡಿಯುವುದು ನ್ಯಾಯವಲ್ಲ.

ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ಒಂದು ದೊಡ್ಡ ಅಧ್ಯಯನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ಹತ್ತಾರು ವರ್ಷ ಹಿಂಬಾಲಿಸಿತು. ಬೈಪಾಸ್ ಆದವರು ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇಕಡಾ 32ರಷ್ಟು ತೂಕ ಕಳೆದುಕೊಂಡಿದ್ದರು. ಹತ್ತು ವರ್ಷದ ಹೊತ್ತಿಗೆ ಆ ಇಳಿಕೆ ಶೇಕಡಾ 25ರ ಹತ್ತಿರ ಬಂದು ನಿಂತಿತು. ಅಂದರೆ ತಳ ಮುಟ್ಟಿದ ಮೇಲೆ ಒಂದಿಷ್ಟು ಮೇಲೇರಿ ನಿಲ್ಲುವುದು ಈ ದಾರಿಯಲ್ಲಿ ಹೆಚ್ಚಿನವರು ಹಾಯುವ ತಿರುವು. ನಿಮ್ಮದು ಸ್ಲೀವ್, ಅದು ಬೇರೆ ಬಗೆಯ ಶಸ್ತ್ರಚಿಕಿತ್ಸೆ. ಆದರೂ ತಿರುವು ಅದೇ. ನಿಮ್ಮ ಲೆಕ್ಕವನ್ನೇ ನೋಡಿ. ಇಳಿದದ್ದು 37 ಕಿಲೋ, ಮರಳಿದ್ದು 5. ಇಂದಿಗೂ ನೀವು ಮೂಲ ತೂಕಕ್ಕಿಂತ 32 ಕಿಲೋ, ಹತ್ತಿರ ಹತ್ತಿರ ಶೇಕಡಾ 30ರಷ್ಟು ಕೆಳಗಿದ್ದೀರಿ. ಇದನ್ನು "ನನ್ನ ಸೋಲು" ಎಂದು ಪತ್ರದಲ್ಲಿ ಮೂರು ಕಡೆ ಬರೆದಿದ್ದೀರಿ. ಆ ಮೂರೂ ಕಡೆ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ.

ಹಸಿವು ಮರಳಿ ಬಂದದ್ದಕ್ಕೂ ನೀವು ನಿಮ್ಮನ್ನೇ ದೂರಿಕೊಂಡಿದ್ದೀರಿ. ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಷ್ಟಿರುವ ಕೊಳವೆಯಾಗಿ ಬಿಡುತ್ತಾರೆ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಪತ್ತೆಮಾಡಿದರು. ಅದು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿಹೋಗುವ ಭಾಗದಲ್ಲೇ. ಮೊದಲ ವರ್ಷ ಊಟದ ನೆನಪೇ ಆಗುತ್ತಿರಲಿಲ್ಲ ಎಂದು ನೀವು ಬರೆದದ್ದಕ್ಕೆ ಇದೂ ಒಂದು ಕಾರಣ. ಕಾಲ ಕಳೆದಂತೆ ದೇಹ ಬೇರೆ ದಾರಿಗಳಿಂದ ಹಸಿವನ್ನು ಕೇಳತೊಡಗುತ್ತದೆ, ಕೊಳವೆಯೂ ಸ್ವಲ್ಪ ಹಿಗ್ಗುತ್ತದೆ. ಅದರ ಮೇಲೆ, 76 ಕಿಲೋ ದೇಹವನ್ನು ನಡೆಸಲು 108 ಕಿಲೋ ದೇಹಕ್ಕೆ ಬೇಕಾದಷ್ಟು ಶಕ್ತಿ ಬೇಕಾಗುವುದೂ ಇಲ್ಲ. ಇದರಲ್ಲಿ ಆಸೆಬುರುಕತನ ಎಲ್ಲಿಯೂ ಇಲ್ಲ.

ಇನ್ನು ನೀವು ಲಗತ್ತಿಸಿದ ಒಂದು ದಿನದ ಊಟದ ಪಟ್ಟಿ. ಬೆಳಿಗ್ಗೆ ಒಂದು ತಟ್ಟೆ ಇಡ್ಲಿ, ಮಧ್ಯಾಹ್ನ ಅರ್ಧ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ, ರಾತ್ರಿ ಎರಡು ಹಿಡಿ ಅನ್ನ. ಇಷ್ಟನ್ನೂ ಗುಂಡು ಅಕ್ಷರಗಳಲ್ಲಿ ಬರೆದು, ಪುಟದ ಅಂಚಿನಲ್ಲಿ ಚಿಕ್ಕದಾಗಿ "ನಡುವೆ ಕಾಫಿ ನಾಲ್ಕು, ಸ್ಟಾಫ್ ರೂಮಿನಲ್ಲಿ ಬಿಸ್ಕತ್ತು, ಸಂಜೆ ಕಡಲೆಕಾಯಿ ಇಲ್ಲವೇ ನಿಪ್ಪಟ್ಟು" ಎಂದು ಸೇರಿಸಿದ್ದೀರಿ. ಐದು ಕಿಲೋ ಬಂದದ್ದು ಆ ಅಂಚಿನ ಸಾಲಿನಿಂದ. ಎರಡೆರಡು ಚಮಚ ಸಕ್ಕರೆಯ ನಾಲ್ಕು ಕಾಫಿ ಎಂದರೆ ಸಕ್ಕರೆಯೊಂದರಿಂದಲೇ 130ರಿಂದ 160 ಕ್ಯಾಲೊರಿ. ಕಡಲೆಕಾಯಿ ನಿಮ್ಮ ಸೀಮೆಯ ಬೆಳೆ, ಬೇಡವೆನ್ನಲು ನನಗೂ ಮನಸ್ಸಿಲ್ಲ, ಅದರಲ್ಲಿ ಒಳ್ಳೆಯ ಪ್ರೋಟೀನೂ ಇದೆ. ಆದರೆ 100 ಗ್ರಾಂ ಬೀಜದಲ್ಲಿ 500ಕ್ಕೂ ಹೆಚ್ಚು ಕ್ಯಾಲೊರಿ ಇರುವುದರಿಂದ ಒಂದು ಹಿಡಿಯನ್ನು ಬಟ್ಟಲಿಗೆ ಎಣಿಸಿ ಹಾಕಿಕೊಂಡು ಡಬ್ಬಿಯನ್ನು ಮುಚ್ಚಿಡಬೇಕು. ಬಿಸ್ಕತ್ತು, ನಿಪ್ಪಟ್ಟುಗಳ ತೊಂದರೆ ಬೇರೆ. ಬಾಯಲ್ಲಿ ಪುಡಿಯಾಗಿ ಕಾಫಿಯ ಜೊತೆ ಅವು ಸಲೀಸಾಗಿ ಇಳಿದುಹೋಗುತ್ತವೆ, ಆ ಚಿಕ್ಕ ಕೊಳವೆ ತುಂಬಿತೆಂದು ಹೇಳುವುದೇ ಇಲ್ಲ. ಗಟ್ಟಿಯಾಗಿ ಅಗಿಯಬೇಕಾದ ಕಾಳು, ಮೊಟ್ಟೆ, ತರಕಾರಿಗಳಾದರೆ ನಾಲ್ಕು ತುತ್ತಿಗೇ ಸಾಕೆನ್ನಿಸುತ್ತದೆ.

ನಿಮ್ಮ ದಿನದ ಪ್ರೋಟೀನನ್ನು ಕೂಡಿ ನೋಡಿದೆ. ನನ್ನ ಅಂದಾಜಿನಲ್ಲಿ 35ರಿಂದ 40 ಗ್ರಾಂ. ಈ ಶಸ್ತ್ರಚಿಕಿತ್ಸೆಯಾದವರಿಗೆ ಕನಿಷ್ಠ 60 ಗ್ರಾಂ ಬೇಕೆನ್ನುತ್ತಾರೆ. ಮೊಟ್ಟೆ ತಿನ್ನುವುದಾಗಿ ಬರೆದಿದ್ದೀರಿ: ಎರಡು ಮೊಟ್ಟೆಗೆ 12 ಗ್ರಾಂ ಬಂತು. ಸಂಜೆಯ ನಿಪ್ಪಟ್ಟಿನ ಜಾಗದಲ್ಲಿ ಹುರುಳಿಕಾಳು ಅಥವಾ ಹೆಸರುಕಾಳಿನ ಉಸಲಿ, ಅವರೆಯ ಕಾಲದಲ್ಲಿ ಹಿತಕಿದ ಬೇಳೆ, ಮಜ್ಜಿಗೆಯ ಬದಲು ಗಟ್ಟಿ ಮೊಸರು ಬಂದರೆ ಲೆಕ್ಕ ಸರಿಹೋಗುತ್ತದೆ. ಸೋಮವಾರದ ಒಪ್ಪತ್ತನ್ನು ಮಾತ್ರ ದಯವಿಟ್ಟು ಕೈಬಿಡಿ. ಒಂದೇ ಹೊತ್ತಿನಲ್ಲಿ ದಿನದ ಪ್ರೋಟೀನನ್ನೆಲ್ಲ ತುಂಬಿಕೊಳ್ಳುವಷ್ಟು ಜಾಗ ನಿಮ್ಮ ಜಠರದಲ್ಲಿಲ್ಲ. ವ್ರತಕ್ಕೆ ಬೇರೆ ರೂಪ ಕೊಡಬಹುದು.

ಮುದ್ದೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಬೆಂಗಳೂರಿನ ಆಹಾರತಜ್ಞರು ಕೊಡುವ ಚೀಟಿಯಲ್ಲಿ ಈ ಮಾತು ಇರುವುದಿಲ್ಲ. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ನಮಗೆಲ್ಲ ಮಕ್ಕಳಿದ್ದಾಗಲೇ ಕಲಿಸಿದ್ದಾರೆ. ಶಸ್ತ್ರಚಿಕಿತ್ಸೆಯಾದವರಿಗೆ ವೈದ್ಯರು ಹೇಳುವುದು ಪ್ರತಿ ತುತ್ತನ್ನೂ ನುಣ್ಣಗೆ ಅಗಿಯಿರಿ ಎಂದು. ನಮ್ಮ ಅತ್ತಿಗೆ ಮೊದಲ ವರ್ಷ ಹಳೆಯ ಅಭ್ಯಾಸದಂತೆ ನುಂಗಿದಾಗಲೆಲ್ಲ ಎದೆಯ ಕೆಳಗೆ ಸಿಕ್ಕಿಕೊಂಡು, ನೀರು ಕುಡಿಯಲೂ ಆಗದೆ, ತಟ್ಟೆ ಬಿಟ್ಟು ಏಳುತ್ತಿದ್ದರು. ಈಗ ಅವರು ಮುದ್ದೆಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿಸಿಕೊಳ್ಳುತ್ತಾರೆ, ಮೊದಲು ಬಸ್ಸಾರಿನ ಪಲ್ಯವನ್ನೂ ಕಾಳನ್ನೂ ಮುಗಿಸಿ, ಆಮೇಲೆ ಬೆರಳ ತುದಿಯಷ್ಟು ಮುದ್ದೆ ಮುರಿದು ಅಗಿದೇ ತಿನ್ನುತ್ತಾರೆ. ಊಟಕ್ಕೆ ಅರ್ಧ ಗಂಟೆ ಹಿಂದೆ ಮುಂದೆ ನೀರು ಕುಡಿಯುವುದಿಲ್ಲ. ರಾಗಿಯಲ್ಲಿ ಸುಣ್ಣದ ಅಂಶ ಹೇರಳವಾಗಿದೆ, 100 ಗ್ರಾಂಗೆ 340 ಮಿಲಿಗ್ರಾಂಗೂ ಹೆಚ್ಚು. ಪ್ರೋಟೀನು 7 ಗ್ರಾಂ ಅಷ್ಟೇ. ಹಾಗಾಗಿ ತಟ್ಟೆಯಲ್ಲಿ ಕಾಳು ಮೊದಲು, ಮುದ್ದೆ ಆಮೇಲೆ.

ಮದುವೆ, ಗೃಹಪ್ರವೇಶಗಳಲ್ಲಿ ಒತ್ತಾಯ ತಡೆಯಲಾರೆನೆಂದು ಬರೆದಿದ್ದೀರಿ. ಇತ್ತೀಚೆಗೆ ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ಅತ್ತಿಗೆಯ ಪಕ್ಕದಲ್ಲೇ ಕುಳಿತಿದ್ದೆ. ಕೋಸಂಬರಿಯನ್ನು ಮಾತ್ರ ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಅನ್ನದ ಹೊತ್ತಿಗೆ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರು. ಒಬ್ಬಟ್ಟಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟನ್ನು ಮುರಿದು, "ಹೂರಣ ಹದವಾಗಿದೆ" ಎಂದು ಮನೆಯೊಡತಿಗೆ ಹೇಳಿದರು. ಪಂಕ್ತಿ ಏಳುವವರೆಗೂ ಅವರು ಅಗಿಯುತ್ತಲೇ ಇದ್ದರು. ಯಾರಿಗೂ ಏನೂ ಅನ್ನಿಸಲಿಲ್ಲ. ಒಬ್ಬರು "ಬಾಡಿ ಹೋಗಿದ್ದೀಯ", ಇನ್ನೊಬ್ಬರು "ಮತ್ತೆ ತುಂಬಿಕೊಳ್ತಿದ್ದೀಯ" ಎನ್ನುವ ನಿಮ್ಮ ನೆಂಟರಿಗೆ ಉತ್ತರ ಕೊಡುವ ಹೊಣೆ ನಿಮಗಿಲ್ಲ.

ಅತ್ತಿಗೆಯ ಒಂದು ತಪ್ಪನ್ನೂ, ಅವರ ಒಪ್ಪಿಗೆ ಪಡೆದೇ, ಹೇಳಬೇಕು. ಎರಡನೇ ವರ್ಷ ಮೈ ಹಗುರಾಗಿ ಎಲ್ಲವೂ ಸರಿಯಿದೆ ಎನ್ನಿಸಿ ವಿಟಮಿನ್ ಮಾತ್ರೆಗಳನ್ನು ನಿಲ್ಲಿಸಿದರು. ಕೆಲವು ತಿಂಗಳಲ್ಲಿ ಪಾದಗಳಿಗೆ ಜೋಮು ಹಿಡಿಯಿತು. ಒಂದು ದಿನ ಅಂಗಡಿಯಿಂದ ಮನೆಗೆ ಬಂದಾಗ ಎಡಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ದಾರಿಯಲ್ಲಿ ಕಳಚಿ ಬಿದ್ದದ್ದು ಅವರ ಕಾಲಿಗೆ ತಿಳಿದೇ ಇರಲಿಲ್ಲ. ರಕ್ತದಲ್ಲಿ ಬಿ12 ತೀರಾ ಇಳಿದಿತ್ತು. ಚುಚ್ಚುಮದ್ದಿನಿಂದ ಚೇತರಿಸಿಕೊಂಡರು. ನಿಮ್ಮ ಪತ್ರದಲ್ಲಿ ತೂಕದ ಅಂಕಿ ಹನ್ನೊಂದು ಕಡೆ ಇದೆ, ರಕ್ತಪರೀಕ್ಷೆಯ ಮಾತು ಒಂದು ಕಡೆಯೂ ಇಲ್ಲ. ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡಿದ್ದು ಇದೇ. ಹಿಮೋಗ್ಲೋಬಿನ್, ಕಬ್ಬಿಣಾಂಶ, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ ಮತ್ತು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಗಳನ್ನು ವರ್ಷಕ್ಕೊಮ್ಮೆಯಾದರೂ, ಜೀವನಪೂರ್ತಿ ಮಾಡಿಸಬೇಕು. ಕಬ್ಬಿಣದ ಮಾತ್ರೆಯನ್ನು ಕ್ಯಾಲ್ಸಿಯಂ ಮಾತ್ರೆಯ ಜೊತೆಗಾಗಲಿ ಕಾಫಿಯ ಜೊತೆಗಾಗಲಿ ನುಂಗಬೇಡಿ, ಎರಡು ಗಂಟೆ ಅಂತರವಿರಲಿ. ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ, ಕಣ್ಣಿಗೆ ಎರಡೆರಡಾಗಿ ಕಂಡರೆ, ನಡಿಗೆ ತಡವರಿಸಿದರೆ, ಮಲ ಕಪ್ಪಗಾದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.

ಹಾಗಾದರೆ ಎಲ್ಲಿ ನಿಲ್ಲಬೇಕು? ಮಂಡಿ ನೋಯದೆ ಶಾಲೆಯ ಮೆಟ್ಟಿಲು ಹತ್ತುವಂತಿದ್ದರೆ, ಸಕ್ಕರೆ ಮಾತ್ರೆಯಿಲ್ಲದೆ ಹತೋಟಿಯಲ್ಲಿದ್ದರೆ, ರಕ್ತದ ವರದಿ ಸರಿಯಿದ್ದರೆ, ಹೆದರದೆ ಮನೆಯವರೊಡನೆ ಕುಳಿತು ಊಟ ಮಾಡಲಾಗುತ್ತಿದ್ದರೆ, ಆ ತೂಕವೇ ನಿಮ್ಮದು. ನನ್ನ ಸಲಹೆಯೆಂದರೆ ಒಂದು ಅಂಕಿಯ ಬದಲು 73ರಿಂದ 77ರವರೆಗಿನ ಒಂದು ಹರವನ್ನು ನಿಮ್ಮ ವೈದ್ಯರ ಜೊತೆ ಮಾತಾಡಿ ಗೊತ್ತುಮಾಡಿಕೊಳ್ಳಿ. ದಿನಕ್ಕೆ ಎರಡು ಸಲ ತೂಕ ನೋಡುವುದನ್ನು ಬಿಟ್ಟು ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ನೋಡಿ. ಮೂರು ವಾರ ಒಂದೇ ಸಮನೆ 77 ದಾಟಿದರೆ ಅಂಚಿನ ಸಾಲನ್ನು ತಿದ್ದಿ. ಆಮೇಲೂ ಇಳಿಯದಿದ್ದರೆ ಶಸ್ತ್ರಚಿಕಿತ್ಸೆ ಮಾಡಿದವರನ್ನೇ ಕಾಣಿ. ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹೊಸ ಔಷಧಿಗಳ ಬಗ್ಗೆ ಕೇಳಿದ್ದೀರಿ. ಅವು 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದಿವೆ, ತೂಕ ಮರಳಿದ ಕೆಲವರಿಗೆ ವೈದ್ಯರು ಬರೆದುಕೊಡುವುದೂ ಉಂಟು. ಈಗಾಗಲೇ ಪ್ರೋಟೀನು ಕಡಿಮೆಯಿರುವ ನೀವು ಹಸಿವನ್ನು ಇನ್ನೂ ಅಡಗಿಸುವ ಔಷಧಿಯನ್ನು ಮೆಡಿಕಲ್ ಅಂಗಡಿಯವರ ಮಾತಿಗೆ ತೆಗೆದುಕೊಳ್ಳಬೇಡಿ. ಕೆರೆ ಏರಿಯ ಮೇಲಿನ ಸಂಜೆ ನಡಿಗೆ ಮುಂದುವರಿಯಲಿ. ಜೊತೆಗೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದನ್ನು ಸೇರಿಸಿ. ತೂಕದೊಂದಿಗೆ ಮಾಂಸಖಂಡವೂ ಕರಗಿರುತ್ತದೆ, ಬರಿಯ ನಡಿಗೆಯಿಂದ ಅದು ಮರಳುವುದಿಲ್ಲ.

ಪತ್ರದ ಕೊನೆಯಲ್ಲಿ, ಹಳೆಯ ರವಿಕೆಗಳನ್ನು ಟ್ರಂಕಿನಲ್ಲೇ ಇಟ್ಟಿದ್ದೇನೆ, ಕತ್ತರಿಸಲು ಧೈರ್ಯ ಬರುತ್ತಿಲ್ಲ ಎಂದಿದ್ದೀರಿ. ಮುಂದಿನ ಭಾನುವಾರ ಅವನ್ನು ಟೈಲರಿಗೆ ಕೊಡಿ. ಈಗಿನ ಅಳತೆಗೇ ಹೊಲಿಯಲು ಹೇಳಿ, ಒಳಗೆ ಎರಡು ಬೆರಳು ಬಟ್ಟೆ ಬಿಡಿಸಿ.

ಇಂತಿ,
ಸಂಪಾದಕ
ತುಮಕೂರು