ಕೃಷ್ಣ ಬೇಡ, ನಾನು ಜೆಸಿಬಿ ಆಗ್ತೀನಿ!

ಈ ಸಲದ ಟಪಾಲಿನಲ್ಲಿ ಮಕ್ಕಳ ವೇಷದ್ದೇ ಸುಗ್ಗಿ. ಆಗಸ್ಟ್ 15ರಿಂದ ಹಿಡಿದು ನವೆಂಬರ್ 14ರ ಮಕ್ಕಳ ದಿನಾಚರಣೆವರೆಗೆ ಶಾಲೆಯವರಿಗೆ ಒಂದಲ್ಲ ಒಂದು ನೆಪ, ಅಮ್ಮಂದಿರಿಗೆ ನಿದ್ದೆ ಇಲ್ಲ. ಅಪ್ಪಂದಿರ ಪೈಕಿ ಬರೆದವರು ಒಬ್ಬರೇ. ಅವರ ಪತ್ರಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಟ್ಟಿದ್ದೇನೆ, ಉಳಿದವರು ಹೊಟ್ಟೆಕಿಚ್ಚು ಪಡಬೇಡಿ.

ಪ್ರಶ್ನೆ: ಅಕ್ಕಾ, ಮಗನಿಗೆ ನಾಲ್ಕು ವರ್ಷ. ಹೋದ ವರ್ಷ ಕೃಷ್ಣನ ವೇಷ ಬಾಡಿಗೆಗೆ ತಂದಿದ್ದೆವು. ಕಿರೀಟ ಇಟ್ಟ ತಕ್ಷಣ ಕಿತ್ತು ಎಸೆದ. ಮುಖಕ್ಕೆ ಬಳಿದ ನೀಲಿ ಬಣ್ಣಕ್ಕೆ ಎರಡೂ ಕೆನ್ನೆ ದದ್ದು ಬಂತು. ಈ ಸಲ ಮನೆಯಲ್ಲೇ ಮಾಡೋಣ ಅಂತಿದ್ದೀನಿ. ಎಲ್ಲಿಂದ ಶುರು ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಪಂಚೆಯಿಂದ ಶುರು ಮಾಡಿ, ಕಿರೀಟದಿಂದ ಅಲ್ಲ. ನಾಲ್ಕು ವರ್ಷದ ಮಗು ವೇಷ ಹಾಕಿಕೊಂಡು ಎರಡು ಗಂಟೆ ಕೂತಿರಬೇಕು, ನಡುವೆ ಒಂದು ಸಲವಾದರೂ ಉಚ್ಚೆಗೆ ಹೋಗಲೇಬೇಕು, ಆಗ ಆಯಾಗೆ ಆ ಕಚ್ಚೆ ಬಿಚ್ಚಿ ಮತ್ತೆ ಕಟ್ಟೋಕೆ ಬರಲ್ಲ. ಹಳೇ ಹಳದಿ ದುಪಟ್ಟಾನೋ, ಅಜ್ಜಿಯ ರೇಷ್ಮೆ ಸೀರೆ ಹರಿದಿದ್ದರೆ ಅದರ ಸೆರಗನ್ನೋ ನೆರಿಗೆ ಹಿಡಿದು ಎಲಾಸ್ಟಿಕ್ ಇರುವ ಪೈಜಾಮದ ಮೇಲೆ ಹೊಲಿದುಬಿಡಿ. ಎಳೆದರೆ ಇಳಿಯಬೇಕು, ಎಳೆದರೆ ಏರಬೇಕು.

ಅವನು ಕಿರೀಟ ಕಿತ್ತೆಸೆದಿದ್ದು ಹಟಕ್ಕಲ್ಲ. ಬಾಡಿಗೆ ಕಿರೀಟದ ಒಳಗೆ ಕೈ ಹಾಕಿ ನೋಡಿ, ಚುಚ್ಚುತ್ತೆ. ಗಲ್ಲದ ಕೆಳಗಿನ ಎಲಾಸ್ಟಿಕ್ ಅಂತೂ ದೊಡ್ಡವರಿಗೂ ಕಷ್ಟ. ಮದುವೆ ಕಾಗದದ ರಟ್ಟು ಕತ್ತರಿಸಿ, ಅದನ್ನು ಅವನ ಹಳೇ ಹತ್ತಿ ಟೋಪಿಗೆ ನಾಲ್ಕು ಕಡೆ ಹೊಲಿಗೆ ಹಾಕಿ. ಮುಗಿದ ಮೇಲೆ ಎತ್ತಿ ಬೀರುವಿನಲ್ಲಿ ಇಡಬೇಡಿ, ಅವನ ಕೈಗೆ ಕೊಡಿ. ಅದನ್ನೇ ಹಾಕಿಕೊಂಡು ಟಿವಿ ನೋಡಲಿ, ದೋಸೆ ತಿನ್ನಲಿ. ಹಬ್ಬದ ಹೊತ್ತಿಗೆ ಅದು ಅವನ ಟೋಪಿ ಆಗಿರುತ್ತೆ.

ನವಿಲುಗರಿಗೆ ಅಂಗಡಿ ಸುತ್ತಬೇಡಿ. ಕಾಫಿ ತೋಟದ ಕಡೆ ನೆಂಟರಿದ್ದರೆ ಸಿಲ್ವರ್ ಓಕ್ ಎಲೆ ನಾಲ್ಕು ತರಿಸಿಕೊಳ್ಳಿ. ಎಲೆಯೇ ಗರಿಯ ಹಾಗೆ ಸೀಳು ಸೀಳಾಗಿರುತ್ತೆ, ಹಿಂಬದಿ ಬೆಳ್ಳಗೆ ಮಿನುಗುತ್ತೆ. ತುದಿಗೆ ನೀಲಿ ಕಾಗದದ ಕಣ್ಣು ಅಂಟಿಸುವ ಕೆಲಸ ಅವನದೇ. ಓರೆಯಾಗಿ ಅಂಟಿಸಿದರೆ ಹಾಗೇ ಬಿಡಿ, ರಾತ್ರಿ ಅವನು ಮಲಗಿದ ಮೇಲೆ ನೀವು ಸರಿ ಮಾಡಿದರೆ ಬೆಳಿಗ್ಗೆ ಗೊತ್ತಾಗದೇ ಇರಲ್ಲ.

ಇನ್ನು ಬಣ್ಣ. ಪೋಸ್ಟರ್ ಕಲರ್, ಆಯಿಲ್ ಪೇಂಟ್, ಬಟ್ಟೆಗೆ ಹಾಕುವ ನೀಲಿ, ಇವು ಯಾವುದೂ ಚರ್ಮಕ್ಕಲ್ಲ. ಹಣೆಗೊಂದು ನಾಮ, ಕೈಯಲ್ಲೊಂದು ಕೊಳಲು ಇದ್ದರೆ ನೋಡಿದವರಿಗೆಲ್ಲ ಕೃಷ್ಣ ಅಂತ ಗೊತ್ತಾಗುತ್ತೆ. ನೀಲಿ ಬೇಕೇ ಬೇಕು ಅಂದರೆ ಮಗುವಿಗೆ ದಿನಾ ಹಚ್ಚುವ ಕ್ರೀಮಿಗೆ ಚೂರು ಕಾರ್ನ್‌ಫ್ಲೋರ್, ಅಡುಗೆಯ ನೀಲಿ ಬಣ್ಣದ ಒಂದೇ ಹನಿ ಕಲಸಿ, ಹಿಂದಿನ ದಿನವೇ ಮೊಣಕೈ ಒಳಭಾಗದಲ್ಲಿ ಹಚ್ಚಿ ನೋಡಿ. ಕೆಂಪಾಗದಿದ್ದರೆ ಮಾತ್ರ ಮುಖಕ್ಕೆ. ತೆಗೆಯುವಾಗ ಸೋಪು ಹಾಕಿ ಉಜ್ಜಬೇಡಿ, ಕೊಬ್ಬರಿ ಎಣ್ಣೆಯಲ್ಲಿ ಒರೆಸಿ.

ಪ್ರಶ್ನೆ: ಮೇಡಂ, ಮಗಳು ಯುಕೆಜಿ. ಶಾಲೆಯಲ್ಲಿ ವೇಷಭೂಷಣ ಸ್ಪರ್ಧೆ, ಯಾವ ವೇಷವಾದರೂ ಸರಿ ಅಂದಿದ್ದಾರೆ. ನನ್ನ ಹೆಂಡತಿಗೆ ಕಿತ್ತೂರು ಚೆನ್ನಮ್ಮ ಮಾಡಿಸುವ ಆಸೆ, ನಮ್ಮಮ್ಮನಿಗೆ ಒನಕೆ ಓಬವ್ವ. ಮಗಳು ಮಾತ್ರ "ನಾನು ಜೆಸಿಬಿ ಆಗ್ತೀನಿ" ಅಂತ ಮೂರು ದಿನದಿಂದ ಊಟ ಬಿಟ್ಟಿದ್ದಾಳೆ. ಮನೆ ಮುಂದೆ ಚರಂಡಿ ಕೆಲಸ ನಡೀತಿದೆ, ಅದರ ಪ್ರಭಾವ. ಹುಡುಗಿಗೆ ಜೆಸಿಬಿ ವೇಷ ಹಾಕಿದರೆ ನಗ್ತಾರೆ ಅಂತ ಮನೆಯಲ್ಲಿ ಜಗಳ. ಏನು ಮಾಡೋದು?
– ಒಬ್ಬ ತಂದೆ, ಚನ್ನರಾಯಪಟ್ಟಣ

ಉತ್ತರ: ಜೆಸಿಬಿ ಮಾಡಿ. ನಗಲಿ ಬಿಡಿ, ನಗಿಸೋದು ಕಷ್ಟದ ಕೆಲಸ. ಆ ವೇದಿಕೆ ಮೇಲೆ ಚೆನ್ನಮ್ಮನವರು ಹೇಗೂ ಐದಾರು ಜನ ಇರುತ್ತಾರೆ, ಎಲ್ಲರ ಕೈಯಲ್ಲೂ ಅದೇ ಪ್ಲಾಸ್ಟಿಕ್ ಕತ್ತಿ, ಮೈಕ್ ಮುಂದೆ ಅದೇ ಡೈಲಾಗ್ ಅರ್ಧಕ್ಕೆ ಮರೆತು ಅಮ್ಮನ ಕಡೆ ನೋಡುವ ಅದೇ ಮುಖ. ಜೆಸಿಬಿ ಒಂದೇ ಇರುತ್ತೆ.

ಕಿರಾಣಿ ಅಂಗಡಿಯಲ್ಲಿ ಬಿಸ್ಕತ್ತಿನ ದೊಡ್ಡ ರಟ್ಟಿನ ಡಬ್ಬ ಕೇಳಿ, ಸುಮ್ನೆ ಕೊಡ್ತಾರೆ. ಮೇಲೆ ಕೆಳಗೆ ಎರಡೂ ಮುಚ್ಚಳ ತೆಗೆಯಿರಿ. ಎದೆಯಿಂದ ಮಂಡಿಯ ಒಂದು ಗೇಣು ಮೇಲಕ್ಕೆ ನಿಲ್ಲಬೇಕು, ಅದಕ್ಕಿಂತ ಉದ್ದವಾದರೆ ಮೆಟ್ಟಿಲು ಹತ್ತುವಾಗ ಮುಗ್ಗರಿಸುತ್ತಾಳೆ. ಹಳೇ ಸ್ಕೂಲ್ ಬ್ಯಾಗಿನ ಬೆಲ್ಟ್ ಎರಡು ಕಿತ್ತು ಬೆನ್ನ ಮೇಲೆ ಅಡ್ಡಡ್ಡ ಬರುವ ಹಾಗೆ ಕಟ್ಟಿ, ನೆಟ್ಟಗೆ ಕಟ್ಟಿದರೆ ಭುಜದಿಂದ ಜಾರುತ್ತಲೇ ಇರುತ್ತೆ. ರಟ್ಟಿನ ಕೆಳಗಿನ ಅಂಚು ತೊಡೆಗೆ ಗೀರುತ್ತೆ, ಅಲ್ಲಿಗೆ ಸೀರೆ ಫಾಲ್ಸ್ ಬಟ್ಟೆ ಅಂಟಿಸಿ. ಮುಖ್ಯವಾದ ಮಾತು, ಡಬ್ಬದ ನಾಲ್ಕು ಮೂಲೆಯಲ್ಲಿ ಒಂದನ್ನು ಬಿಚ್ಚಿ ಇಟ್ಟುಕೊಳ್ಳಿ. ಮಡಚಿ ಆಟೋದಲ್ಲಿ ಹಾಕಿಕೊಂಡು ಹೋಗಿ ಶಾಲೆಯಲ್ಲೇ ಟೇಪ್ ಸುತ್ತಬಹುದು. ಪೂರ್ತಿ ಜೋಡಿಸಿದ ಜೆಸಿಬಿ ಆಟೋ ಬಾಗಿಲಲ್ಲಿ ತೂರಲ್ಲ.

ಬಣ್ಣ ನೇರವಾಗಿ ರಟ್ಟಿಗೆ ಬಳಿದರೆ ಅದು ಕುಡಿದುಬಿಡುತ್ತೆ, ಎಷ್ಟು ಬಳಿದರೂ ಮಣ್ಣಿನ ಬಣ್ಣವೇ ಕಾಣೋದು. ಮೊದಲು ಬಿಳಿ ಕಾಗದವನ್ನೋ ನ್ಯೂಸ್‌ಪೇಪರನ್ನೋ ಮೈದಾ ಅಂಟಿನಿಂದ ಅಂಟಿಸಿ, ಒಣಗಿದ ಮೇಲೆ ಹಳದಿ. ಅಜ್ಜಿ ಅರಿಶಿನ ಬಳಿಯಿರಿ ಅನ್ನಬಹುದು. ಅರಿಶಿನ ಬಿಸಿಲಿಗೆ ಬೇಗ ಮಾಸುತ್ತೆ, ಇದಕ್ಕೆ ಬೇಡ. ಪಕ್ಕಕ್ಕೆ ಪೇಪರ್ ತಟ್ಟೆಗೆ ಕಪ್ಪು ಬಳಿದರೆ ಚಕ್ರ. ಎಡಗಡೆ ಚಕ್ರ ಬಲಗಡೆಗಿಂತ ದೊಡ್ಡದಾಗಿ ಬಂದರೆ ನೀವು ಕೈ ಹಾಕಬೇಡಿ. ಬಳಿಯುವ ದಿನ ಅವಳಿಗೆ ಹಳೇ ಅಂಗಿ ಹಾಕಿ ಅಂಗಳದಲ್ಲಿ ಬಿಟ್ಟುಬಿಡಿ.

ಮುಂದಿನ ಬಕೆಟ್ಟಿಗೆ ತಲೆ ಕೆಡಿಸಿಕೊಳ್ಳಬೇಡಿ, ನಿಮ್ಮ ಅಡುಗೆಮನೆಯಲ್ಲೇ ಇದೆ: ಮೊರ! ಪ್ಲಾಸ್ಟಿಕ್ ಮೊರ ಸಾಕು, ಹಗುರ. ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ಎತ್ತಿದರೆ ಥೇಟ್ ಅದೇ. ಅದರಲ್ಲಿ ಒಂದಷ್ಟು ಒಣ ಎಲೆ ಹಾಕಿಕೊಟ್ಟು ವೇದಿಕೆ ಮೇಲೆ ಸುರಿಯೋಕೆ ಹೇಳಿ. ಗುಡಿಸುವವರ ಹತ್ತಿರ ಮೊದಲೇ ಒಂದು ಮಾತು ಹೇಳಿರಿ, ಪಾಪ. ಮಾತು ಎರಡೇ ವಾಕ್ಯ ಇರಲಿ: "ನಾನು ಜೆಸಿಬಿ. ಕೆರೆ ಹೂಳು ತೆಗೀತೀನಿ, ಚರಂಡಿ ತೋಡ್ತೀನಿ, ದಾರಿ ಬಿಡಿ!" ಚೆನ್ನಮ್ಮನ ಡೈಲಾಗನ್ನು ನೀವು ಒಂದು ವಾರ ಬಾಯಿಪಾಠ ಮಾಡಿಸಬೇಕಾಗಿತ್ತು, ಇದು ಅವಳಿಗೆ ಈಗಾಗಲೇ ಬಂದಿರುತ್ತೆ. ಒನಕೆ ಅಮ್ಮನವರ ಆಸೆಗೆ ಇರಲಿ, ನ್ಯೂಸ್‌ಪೇಪರ್ ಬಿಗಿಯಾಗಿ ಸುತ್ತಿ ಒಂದು ಮಾಡಿಡಿ, ನವೆಂಬರಿಗೆ ಬೇಕಾಗುತ್ತೆ.

ಪ್ರಶ್ನೆ: ಮನೆಯಲ್ಲಿ ಮಾಡಿದ ವೇಷಕ್ಕೆ ಯಾವತ್ತೂ ಬಹುಮಾನ ಬರಲ್ಲ, ಬಾಡಿಗೆ ಡ್ರೆಸ್ಸಿಗೇ ಕೊಡೋದು. ಆಮೇಲೆ ಮಗು ಅಳುತ್ತೆ. ಇದಕ್ಕೇನಂತೀರಿ?
– ಓದುಗರು, ಕಡೂರು

ಉತ್ತರ: ನಿಜ. ದೂರದಲ್ಲಿ ಕೂತ ತೀರ್ಪುಗಾರರಿಗೆ ಜರಿ ಮಿಂಚೋದು ಕಾಣುತ್ತೆ, ಮಗುವಿನ ಕತ್ತರಿ ಕೆಲಸ ಕಾಣಲ್ಲ. ಪೋಷಕರ ಸಭೆಯಲ್ಲಿ ಎದ್ದು ನಿಂತು "ಮನೆಯಲ್ಲಿ ಮಾಡಿದ ವೇಷ ಮಾತ್ರ" ಅಂತ ನಿಯಮ ಮಾಡಿ ಎಂದು ಕೇಳಿ. ನಾಲ್ಕು ಜನ ಹೂಂ ಅಂದರೆ ಸಾಕು, ದುಡ್ಡು ಉಳಿಯುತ್ತೆ ಅಂದರೆ ಬೇಡ ಅನ್ನೋರು ಕಡಿಮೆ.

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ತೋಟದ ಮನೆ. ಮಳೆಗಾಲದಲ್ಲಿ ಏನು ಅಂಟಿಸಿದರೂ ಒಣಗಲ್ಲ, ಒಣಗಿದರೂ ಬೂಸ್ಟು ಬರುತ್ತೆ. ಮೈದಾ ಅಂಟಿಗೆ ಚೂರು ಮೈಲುತುತ್ತ ಹಾಕಿದರೆ ಹುಳ ಬೂಸ್ಟು ಏನೂ ಬರಲ್ಲ ಅಂತ ಅತ್ತೆ ಹೇಳ್ತಾರೆ. ತೋಟಕ್ಕೆ ತಂದಿದ್ದು ಮನೆಯಲ್ಲೇ ಇದೆ. ಹಾಕಬಹುದಾ?
– ಗೃಹಿಣಿ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಬೇಡ, ಖಂಡಿತ ಬೇಡ. ಅತ್ತೆ ಹೇಳಿದ್ದು ಸುಳ್ಳಲ್ಲ. ಪುಸ್ತಕಕ್ಕೆ ರಟ್ಟು ಕಟ್ಟುವವರು ಹಿಂದೆ ಹಾಕುತ್ತಿದ್ದರು. ಆದರೆ ಅದು ತೋಟದ ಗಿಡಕ್ಕೆ ರೋಗ ಬಾರದಿರಲಿ ಅಂತ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹಾಕುವ ವಿಷ. ನಿಮ್ಮ ಮಗು ಅಂಟು ಕೈಯನ್ನು ಬಾಯಿಗೆ ಇಡಲ್ಲ ಅಂತ ಹೇಳೋಕಾಗುತ್ತಾ? ನೀಲಿ ಹರಳು ನೋಡೋಕೆ ಕಲ್ಲುಸಕ್ಕರೆಯ ಹಾಗೆ ಬೇರೆ ಇರುತ್ತೆ. ಅದನ್ನು ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿಡಿ.

ಅಂಟು ಸ್ವಲ್ಪವೇ ಮಾಡಿ. ಎರಡು ಚಮಚ ಮೈದಾ ತಣ್ಣೀರಲ್ಲಿ ಗಂಟಿಲ್ಲದೆ ಕದಡಿ, ಒಂದು ಲೋಟ ನೀರು ಸೇರಿಸಿ, ಗಂಜಿ ಹಾಗೆ ಹೊಳಪು ಬರುವವರೆಗೆ ಸಣ್ಣ ಉರಿಯಲ್ಲಿ ತಿರುವಿ. ಆ ದಿನದ್ದು ಆ ದಿನಕ್ಕೆ. ತೆಳ್ಳಗೆ ಹಚ್ಚಿ, ದಪ್ಪ ಹಚ್ಚಿದ್ದಕ್ಕೇ ಬೂಸ್ಟು ಬರೋದು. ಬಚ್ಚಲೊಲೆ ಇರುವ ಮನೆಯಾದರೆ ಒಲೆಯಿಂದ ಮಾರು ದೂರದಲ್ಲಿ ಹಗ್ಗ ಕಟ್ಟಿ ನೇತು ಹಾಕಿ, ಬೆಳಿಗ್ಗೆಗೆ ಗರಿಗರಿ ಆಗಿರುತ್ತೆ. ಥರ್ಮಾಕೋಲ್ ಮಾತ್ರ ಅತ್ತ ಒಯ್ಯಬೇಡಿ, ಬೆಂಕಿ ಬೇಗ ಹತ್ತುತ್ತೆ, ಹೊಗೆಯೂ ಕೆಟ್ಟದ್ದು. ಇನ್ನೊಂದು ದಾರಿ, ಮಳೆಗಾಲದಲ್ಲಿ ಅಂಟನ್ನೇ ಬಿಡಿ. ರಟ್ಟಿಗೆ ನೀವು ದಬ್ಬಳದಿಂದ ತೂತು ಮಾಡಿಕೊಡಿ, ಮಗು ಶೂ ಲೇಸ್ ಪೋಣಿಸಿ ಹೊಲಿಯಲಿ. ಐದು ವರ್ಷದವರಿಗೆ ಇದು ಅಂಟಿಸೋದಕ್ಕಿಂತ ಇಷ್ಟ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ಮೂವತ್ತು ಮಕ್ಕಳು, ಕೈಯಲ್ಲಿ ದುಡ್ಡಿಲ್ಲ. ರಾಜ್ಯೋತ್ಸವಕ್ಕೆ ಮಕ್ಕಳ ಕೈಯಲ್ಲೇ ಏನಾದರೂ ಮಾಡಿಸಿ ಗೋಡೆಗೆ ಹಾಕಬೇಕು. ಗುಲಗಂಜಿ ಬೇಕಾದಷ್ಟು ಸಿಗುತ್ತೆ, ಅಂಟಿಸಿ ಬಾವುಟ ಮಾಡಿಸಲೇ?
– ಹಳೇಬೀಡು ಹತ್ತಿರದ ಹಳ್ಳಿಯಿಂದ

ಉತ್ತರ: ಗುಲಗಂಜಿ ವಿಷ. ಸಿಪ್ಪೆ ಒಡೆದು ಒಳಗೆ ಹೋದರೆ ಒಂದೆರಡು ಬೀಜವೂ ಪುಟ್ಟ ಮಕ್ಕಳ ಜೀವಕ್ಕೆ ಅಪಾಯ. ಹರಳು ಬೀಜವೂ ಹಾಗೇ. ಆಟಿಕೆಯ ಗುಂಡಿ ಸೆಲ್ ಇದ್ದರೆ ಅದನ್ನೂ ದೂರ ಇಡಿ, ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಟ್ಟುಬಿಡುತ್ತೆ. ಮೂರು ವರ್ಷದ ಮಕ್ಕಳಿರುವ ಕಡೆ ಮೂಗಿಗೆ ತೂರುವ ಯಾವ ಕಾಳೂ ಬೇಡ, ಬಟಾಣಿ ಕೂಡ.

2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ದೇವಸ್ಥಾನ ನಿಮ್ಮ ಪಕ್ಕದಲ್ಲೇ ಇದೆ, ಆಲೂಗಡ್ಡೆ ನಿಮ್ಮ ಜಿಲ್ಲೆಯ ಬೆಳೆ. ಇವೆರಡನ್ನೂ ಸೇರಿಸಿಬಿಡಿ. ಹಳೇಬೀಡಿನ ಗೋಡೆಯ ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಹೀಗೆ ಪಟ್ಟಿ ಪಟ್ಟಿಯಾಗಿ ಬರುತ್ತಲ್ಲ, ಆ ಆನೆ ಸಾಲನ್ನು ಮಕ್ಕಳೇ ಮಾಡಬಹುದು. ಆಲೂಗಡ್ಡೆ ಅಡ್ಡಕ್ಕೆ ಅರ್ಧ ಮಾಡಿ, ಕತ್ತರಿಸಿದ ಮೈಯನ್ನು ಬಟ್ಟೆಯಿಂದ ಒರೆಸಿ. ಇದನ್ನು ಮರೆತರೆ ಬಣ್ಣ ನೀರಾಗಿ ಹರಡುತ್ತೆ. ಬಣ್ಣದಲ್ಲಿ ಅದ್ದಿ ಒತ್ತಿದರೆ ಆನೆಯ ಮೈ ಆಯಿತು. ಕಾಲು ನಾಲ್ಕು, ಸೊಂಡಿಲು ಒಂದು, ಎಲ್ಲ ಮಗುವಿನ ಬೆರಳಚ್ಚು. ಬಳ್ಳಿಯ ಸಾಲಿಗೆ ಬೆಂಡೆಕಾಯಿ ತುಂಡು ಒತ್ತಿಸಿ. ಹಳೇ ಕ್ಯಾಲೆಂಡರಿನ ಹಿಂಬದಿ ಉದ್ದಕ್ಕೆ ಜೋಡಿಸಿದರೆ ಮೂವತ್ತು ಮಕ್ಕಳ ಮೂವತ್ತು ಆನೆ ಒಂದೇ ಗೋಡೆಯಲ್ಲಿ. ಒಂದಕ್ಕೆ ಏಳು ಕಾಲಿರುತ್ತೆ, ಇರಲಿ.

ಬಾವುಟಕ್ಕೆ ಬಣ್ಣ ಕೊಳ್ಳಲೇಬೇಡಿ. ಅರಿಶಿನದ ನೀರನ್ನು ಬಿಳಿ ಕಾಗದಕ್ಕೆ ಪೂರ್ತಿ ಬಳಿಸಿ. ಒಣಗಿದ ಮೇಲೆ ಕೆಳಗಿನ ಅರ್ಧಕ್ಕೆ ಅಡುಗೆ ಸೋಡಾ ಕರಗಿಸಿದ ನೀರು ಬಳಿಯೋಕೆ ಹೇಳಿ. ಕಣ್ಣೆದುರೇ ಹಳದಿ ಹೋಗಿ ಕೆಂಪಾಗುತ್ತೆ, ಸ್ವಲ್ಪ ಇಟ್ಟಿಗೆ ಬಣ್ಣ. ಆರತಿ ನೀರು ಮಾಡುವ ಉಪಾಯವೇ, ಆದರೆ ಸುಣ್ಣ ಮಾತ್ರ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತೆ. ಮಕ್ಕಳು ಕೂಗುವ ಕೂಗಿಗೆ ಪಕ್ಕದ ಮನೆಯವರು ಓಡಿ ಬಂದರೆ ನಾನು ಜವಾಬ್ದಾರಳಲ್ಲ.

ಪ್ರಶ್ನೆ: ದಸರಾ ರಜಕ್ಕೆ ಬೆಂಗಳೂರಿಂದ ಮೊಮ್ಮಕ್ಕಳು ಬರ್ತಾರೆ. ಬಂದವರು ಮೊಬೈಲ್ ಬಿಡಲ್ಲ. ನಮ್ಮಲ್ಲಿ ತೆಂಗು ಬಿಟ್ಟರೆ ಬೇರೇನಿಲ್ಲ.
– ಒಬ್ಬ ಅಜ್ಜಿ, ಅರಸೀಕೆರೆ

ಉತ್ತರ: ತೆಂಗು ಇದ್ದ ಮೇಲೆ ಇನ್ನೇನು ಬೇಕಮ್ಮಾ! ನೀವು ಚಿಕ್ಕವರಿದ್ದಾಗ ಗರಿಯಲ್ಲಿ ಪೀಪಿ ಸುತ್ತಿರುತ್ತೀರಿ, ಕೈಗೆ ನೆನಪಿರುತ್ತೆ. ಎಳೇ ಗರಿಯ ಕಡ್ಡಿ ಸೀಳಿ ತೆಗೆದು, ಸಣ್ಣದಾಗಿ ಶುರು ಮಾಡಿ ಅಗಲ ಮಾಡುತ್ತಾ ಸುತ್ತಿ, ಕೊನೆಗೆ ಅದೇ ಕಡ್ಡಿ ಚುಚ್ಚಿ, ಸಣ್ಣ ಬಾಯನ್ನು ಬೆರಳಲ್ಲಿ ಚಪ್ಪಟೆ ಒತ್ತಿ ಕೊಡಿ. ಮಾಡ್ತೀರಾ ಅಂತ ಮಕ್ಕಳನ್ನು ಕೇಳೋಕೆ ಹೋಗಬೇಡಿ. ನೀವೇ ಜಗಲಿ ಮೇಲೆ ಕೂತು ಜೋರಾಗಿ ಊದಿ, ಬಂದೇ ಬರ್ತಾರೆ. ಕರಟದ ಎರಡು ಹೋಳಿಗೆ ತೂತು ಮಾಡಿ ಹುರಿ ಕಟ್ಟಿ ಕೊಟ್ಟರೆ ಅದರ ಮೇಲೆ ನಿಂತು ಟಕಟಕ ನಡೀತಾರೆ. ಅಂಚನ್ನು ಕಲ್ಲಿಗೆ ಉಜ್ಜಿ ನಯ ಮಾಡಿಸಿ, ಆ ಕೆಲಸವನ್ನೂ ಅವರಿಂದಲೇ.

ಪ್ರಶ್ನೆ: ರಾತ್ರಿ ಒಂಬತ್ತಕ್ಕೆ ಶಾಲೆ ಗುಂಪಿನಲ್ಲಿ ಮೆಸೇಜ್ ಬರುತ್ತೆ, ನಾಳೆ ಬೆಳಿಗ್ಗೆ ವೇಷ ಹಾಕಿ ಕಳಿಸಿ ಅಂತ. ಅಂಗಡಿ ಎಲ್ಲ ಮುಚ್ಚಿರುತ್ತೆ. ಒಂದೇ ಒಂದು ಉಪಾಯ ಹೇಳಿ.
– ಸಕಲೇಶಪುರ

ಉತ್ತರ: ಗೋಣಿ ಕೊಪ್ಪೆ. ಚೀಲದ ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿ, ತಲೆ ಮೇಲೆ ಹಾಕಿದರೆ ಆಯಿತು, ಮಳೆಯಲ್ಲಿ ತೋಟಕ್ಕೆ ಹೊರಟ ಆಳು ರೆಡಿ. ಪ್ಯಾಂಟು ಮಂಡಿವರೆಗೆ ಮಡಿಸಿ, ಕೈಗೊಂದು ಸಣ್ಣ ಬುಟ್ಟಿ ಕೊಡಿ. ಕತ್ತಿ, ಕುಡುಗೋಲು ಏನೂ ಬೇಡ. ಗೋಣಿ ಚುಚ್ಚುತ್ತೆ, ಒಳಗೆ ತುಂಬು ತೋಳಿನ ಅಂಗಿ ಇರಲಿ. ಕಾಫಿ ತುಂಬಿದ ಚೀಲವಾದರೆ ಚೆನ್ನಾಗಿ ಕೊಡವಿ ಹಾಕಿ. ಗೊಬ್ಬರದ ಚೀಲ ಬೇಡ, ರಾತ್ರಿ ಒಗೆದರೆ ಸಕಲೇಶಪುರದಲ್ಲಿ ಬೆಳಿಗ್ಗೆ ಹೊತ್ತಿಗೆ ಒಣಗುತ್ತಾ?