ಹಾಲ್ ತುಂಬಿದರೂ ಕೈಗೆ ದುಡ್ಡಿಲ್ಲ: ಕ್ಲಬ್ ನೈಟ್ ಪ್ರಮೋಟರ್‌ಗಳ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಕ್ಲಬ್ ನೈಟ್ ನಡೆಸುವವರದ್ದೇ ಜಾಸ್ತಿ. ಇವರಿಗೆ ಸ್ವಂತ ಜಾಗ ಇಲ್ಲ. ಇನ್ನೊಬ್ಬರ ಕ್ಲಬ್‌ನಲ್ಲಿ ಒಂದು ರಾತ್ರಿಯನ್ನು ತಮ್ಮ ಹೆಸರಿನಲ್ಲಿ ಕಟ್ಟುತ್ತಾರೆ. ಜನರನ್ನು ಕರೆತರುತ್ತಾರೆ, ಡಿಜೆಗಳನ್ನು ಬುಕ್ ಮಾಡುತ್ತಾರೆ, ನಷ್ಟವಾದರೆ ತಾವೇ ಹೊರುತ್ತಾರೆ. ಮೊದಲ ಪತ್ರಕ್ಕೆ ಉದ್ದದ ಉತ್ತರವೇ ಬೇಕಿತ್ತು.

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಹೌಸ್, ಟೆಕ್ನೋ ಸಂಗೀತ ಅಂದ್ರೆ ಪ್ರಾಣ. ಗೆಳೆಯರ ಜೊತೆ ಸೇರಿ ಇಂದಿರಾನಗರ, ಕೋರಮಂಗಲದ ಕ್ಲಬ್‌ಗಳಲ್ಲಿ ನೈಟ್ ಮಾಡುತ್ತೇನೆ. ಪ್ರತಿ ಸಲ ಮುಂಬೈಯಿಂದಲೋ ದೆಹಲಿಯಿಂದಲೋ ಒಬ್ಬ ಡಿಜೆಯನ್ನು ಕರೆಸುತ್ತೇವೆ. ಹಾಲ್ ತುಂಬುತ್ತದೆ. ಆದರೂ ಕೈಯಿಂದಲೇ ದುಡ್ಡು ಹೋಗುತ್ತಿದೆ. ಎಲ್ಲಿ ತಪ್ಪುತ್ತಿದ್ದೇವೆ? ಇದನ್ನೇ ನಂಬಿ ಕೆಲಸ ಬಿಡಬಹುದಾ?
— ಓದುಗ, ಎಚ್‌ಎಸ್‌ಆರ್ ಲೇಔಟ್

ಉತ್ತರ: ಕೆಲಸ ಈಗಲೇ ಬಿಡಬೇಡಿ. ನೈಟ್ ನಿಲ್ಲಿಸಲೂ ಬೇಡಿ. ಹಾಲ್ ತುಂಬಿಸುವುದೇ ಇದರಲ್ಲಿ ಕಷ್ಟದ ಕೆಲಸ, ಅದು ನಿಮಗೆ ಆಗಲೇ ಬಂದಿದೆ. ದುಡ್ಡು ಸೋರುತ್ತಿರುವುದು ಎರಡು ಕಡೆ. ಒಂದು, ಹೊರಗಿನಿಂದ ಕರೆಸುವ ಡಿಜೆಯ ಖರ್ಚು. ಇನ್ನೊಂದು, ಕ್ಲಬ್ ಜೊತೆ ನೀವು ಮಾಡಿಕೊಂಡ ಮಾತು.

ಒಂದು ರಾತ್ರಿಯ ಲೆಕ್ಕ ಹಾಕೋಣ. ಇವು ಉದಾಹರಣೆಯ ಅಂಕಿಗಳು, ಇವುಗಳ ಜಾಗದಲ್ಲಿ ನಿಮ್ಮವನ್ನು ಹಾಕಿ ನೋಡಿ. 200 ಜನ ಬಂದರು. ಅವರಲ್ಲಿ 50 ಮಂದಿ ಗೆಸ್ಟ್‌ಲಿಸ್ಟ್, ಅಂದರೆ ಪುಕ್ಕಟೆ. 60 ಜನ ಅರ್ಲಿ ಬರ್ಡ್ ಟಿಕೆಟ್ (ಮೊದಲೇ ಕೊಳ್ಳುವವರಿಗೆ ಕಡಿಮೆ ರೇಟಿನದ್ದು) 399ಕ್ಕೆ ತಗೊಂಡರು, 60 ಜನ 599ಕ್ಕೆ, 30 ಜನ ಗೇಟಿನಲ್ಲಿ 799 ಕೊಟ್ಟರು. ಒಟ್ಟು 83,850 ರೂಪಾಯಿ. ಆನ್‌ಲೈನ್ ಟಿಕೆಟಿಗೆ ಆ್ಯಪ್ 10% ಹಿಡಿದರೆ 5,988 ಹೋಯಿತು. ಉಳಿದ 77,862ರಲ್ಲಿ ನಿಮಗೆ 70%, ಕ್ಲಬ್‌ಗೆ 30%. ನಿಮ್ಮ ಪಾಲು 54,503.

ಈಗ ಖರ್ಚು. ಮುಂಬೈ ಡಿಜೆಯ ಫೀಸು 25,000, ಫ್ಲೈಟ್ 9,000, ಹೋಟೆಲ್ 4,500, ಕ್ಯಾಬ್ ಮತ್ತು ಊಟ 2,500. ಮೊದಲು ಪ್ಲೇ ಮಾಡುವ ಇಬ್ಬರು ಊರಿನ ಡಿಜೆಗಳಿಗೆ 8,000. ಪೋಸ್ಟರ್, ವಿಡಿಯೋ 3,000. ಇನ್‌ಸ್ಟಾಗ್ರಾಂ ಜಾಹೀರಾತು 4,000. ಫೋಟೋಗ್ರಾಫರ್ 4,000. ಒಟ್ಟು 60,000. ಹಾಲ್ ತುಂಬಿಯೂ ನಿಮಗೆ 5,497 ಲಾಸ್. ಬಂದ ಡಿಜೆಯ ರೈಡರ್‌ನಲ್ಲಿ, ಅಂದರೆ ಅವರು ಬೇಕು ಅನ್ನುವ ಸಲಕರಣೆಗಳ ಪಟ್ಟಿಯಲ್ಲಿ, ಸಿಡಿಜೆ-3000 ಪ್ಲೇಯರ್ ಅಂತ ಇದ್ದು, ಕ್ಲಬ್‌ನಲ್ಲಿ ಹಳೇ ಮಾಡೆಲ್ ಇದ್ದರೆ ಬಾಡಿಗೆಗೆ ತರಬೇಕು. ಲಾಸ್ ಇನ್ನೂ ಮೇಲೆ.

ಅದೇ ರಾತ್ರಿ ಬಾರ್‌ನಲ್ಲಿ ಏನಾಯಿತು? ತಲೆಗೆ 1,100 ರೂಪಾಯಿ ಖರ್ಚು ಮಾಡಿದರು ಅಂದುಕೊಂಡರೂ 2,20,000 ವ್ಯಾಪಾರ. ಅಷ್ಟೂ ಜನರನ್ನು ಕರೆತಂದವರು ನೀವು. ಅದರಲ್ಲಿ 10% ನಿಮ್ಮದು ಅಂತ ಮೊದಲೇ ಮಾತಾಗಿದ್ದರೆ 22,000 ಬರುತ್ತಿತ್ತು. ಲಾಸ್ ಹೋಗಿ 16,503 ಉಳಿಯುತ್ತಿತ್ತು. ಗೇಟಿನ ದುಡ್ಡು ನಿಮ್ಮ ಖರ್ಚನ್ನು ತುಂಬಬೇಕು, ಬಾರ್‌ನ ಪಾಲು ನಿಮ್ಮ ಸಂಪಾದನೆ ಆಗಬೇಕು.

ಇನ್ನೊಂದು ರಾತ್ರಿ ನೋಡಿ. ಹೊರಗಿನ ಡಿಜೆ ಇಲ್ಲ. ಊರಿನ ಇಬ್ಬರು ರೆಸಿಡೆಂಟ್‌ಗಳು, ಅಂದರೆ ನಿಮ್ಮ ನೈಟ್‌ನಲ್ಲಿ ಕಾಯಂ ಪ್ಲೇ ಮಾಡುವ ಡಿಜೆಗಳು, ಒಬ್ಬೊಬ್ಬರಿಗೆ 6,000. ಪ್ರಚಾರ, ಪೋಸ್ಟರ್, ಫೋಟೋ ಸೇರಿ 8,000. ಬಂದವರು 120 ಜನ ಮಾತ್ರ, ದುಡ್ಡು ಕೊಟ್ಟವರು 90. ಸರಾಸರಿ 450ರಂತೆ 40,500 ಬಂದು, ಆ್ಯಪ್ ಕಮಿಷನ್ ಕಳೆದು 37,000 ಅಂದುಕೊಳ್ಳಿ. ನಿಮ್ಮ 70% ಅಂದರೆ 25,900. ಖರ್ಚು 20,000 ಕಳೆದರೆ 5,900 ಉಳಿಯಿತು. ಬಾರ್ ವ್ಯಾಪಾರ 1,32,000, ಅದರ 10% ಅಂದರೆ 13,200. ಒಟ್ಟು 19,100. ಜನ 80 ಕಡಿಮೆ, ದುಡ್ಡು ಜಾಸ್ತಿ.

ಹಾಗಂತ ದೊಡ್ಡ ಹೆಸರು ಬೇಡವೇ ಬೇಡ ಅನ್ನುತ್ತಿಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ಕರೆಸಿ. ಅದನ್ನು ಪ್ರಚಾರದ ಖರ್ಚು ಅಂತ ಬರೆದುಕೊಳ್ಳಿ. ನಡುವಿನ ರಾತ್ರಿಗಳು ರೆಸಿಡೆಂಟ್‌ಗಳ ಮೇಲೆ ನಿಲ್ಲಬೇಕು. ಜಗತ್ತಿನಲ್ಲಿ ಹೆಸರಾದ ಎಷ್ಟೋ ನೈಟ್‌ಗಳು ಶುರುವಾಗಿದ್ದೇ ಹೀಗೆ. 1987ರ ಕೊನೆಯಲ್ಲಿ ಲಂಡನ್‌ನಲ್ಲಿ ಡ್ಯಾನಿ ರ‍್ಯಾಂಪ್ಲಿಂಗ್ 'ಶೂಮ್' ಶುರು ಮಾಡಿದ್ದು ಸದರ್ಕ್‌ನ ಒಂದು ಜಿಮ್‌ನಲ್ಲಿ. ಚಿಕ್ಕ ಜಾಗ, ಸ್ವತಃ ಅವರೇ ಡಿಜೆ. ಬ್ರಿಟನ್‌ನ ಆಸಿಡ್ ಹೌಸ್ ಸಂಗೀತದ ಅಲೆ ಎದ್ದ ಜಾಗಗಳಲ್ಲಿ ಅದೂ ಒಂದು. ಜನ ಪೋಸ್ಟರ್‌ನಲ್ಲಿರುವ ಹೆಸರಿಗೆ ಬಂದರೆ ಮುಂದಿನ ತಿಂಗಳು ಆ ಹೆಸರಿನ ಹಿಂದೆಯೇ ಹೋಗುತ್ತಾರೆ. ನಿಮ್ಮ ನೈಟ್‌ಗೆ ಅಂತ ಬಂದರೆ ನಿಮ್ಮ ಜೊತೆ ಇರುತ್ತಾರೆ. ಇದನ್ನು ನಾನು ಪೂರ್ತಿ ನಂಬುತ್ತೇನೆ: ಪ್ರಮೋಟರ್‌ನ ಆಸ್ತಿ ಅಂದರೆ ಆ ಜನವೇ. ಅವರ ಫೋನ್ ನಂಬರ್, ಇಮೇಲ್ ನಿಮ್ಮ ಹತ್ತಿರ ಇರಲಿ. ತಗೊಳ್ಳುವಾಗಲೇ ಅವರ ಒಪ್ಪಿಗೆ ಕೇಳಿ. ಟಿಕೆಟ್ ಆ್ಯಪ್‌ನವರ ಹತ್ತಿರ ಮಾತ್ರ ಇದ್ದರೆ ಪ್ರತಿ ಸಲ ಜಾಹೀರಾತಿಗೆ ಮತ್ತೆ ದುಡ್ಡು ಸುರಿಯಬೇಕಾಗುತ್ತದೆ.

ಬಾರ್ ಪಾಲು ಕೇಳುವ ಮೊದಲು ನಿಮ್ಮ ಜನ ಕುಡಿಯುವವರಾ ಅಂತಲೂ ನೋಡಿಕೊಳ್ಳಿ. ಮ್ಯಾಂಚೆಸ್ಟರ್‌ನ ಹಸಿಯೆಂಡಾ ಕ್ಲಬ್ 1982ರಿಂದ 1997ರವರೆಗೆ ಇತ್ತು. ಎಂಬತ್ತರ ದಶಕದ ಕೊನೆಗೆ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆದರೂ ಬಾರ್‌ನಲ್ಲಿ ದುಡ್ಡಾಗುತ್ತಿರಲಿಲ್ಲ, ಯಾಕೆಂದರೆ ಬಹಳ ಜನ ಎಕ್ಸ್‌ಟಸಿ ಮಾತ್ರೆ ನುಂಗಿ ನೀರು ಕುಡಿದುಕೊಂಡು ಕುಣಿಯುತ್ತಿದ್ದರು. ಅಲ್ಲಿ ಕ್ಲಬ್ಬೇ ಸೊರಗಿತು. ನಮ್ಮಲ್ಲಿ ಇದು ಜೈಲಿನ ವಿಷಯ. ಜಾಗ ಯಾರ ಹಿಡಿತದಲ್ಲಿದೆಯೋ ಅವರು ಗೊತ್ತಿದ್ದೂ ಡ್ರಗ್ಸ್ ಬಳಕೆಗೆ ಬಿಟ್ಟರೆ ಎನ್‌ಡಿಪಿಎಸ್ ಕಾಯ್ದೆ ಅವರನ್ನೂ ಹಿಡಿಯುತ್ತದೆ. ಗೇಟಿನಲ್ಲಿ ಚೆಕಿಂಗ್ ಇರಲಿ. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ, ಹಾಗಾಗಿ ಐಡಿ ನೋಡದೆ ಯಾರನ್ನೂ ಬಿಡಬೇಡಿ, ಗೆಳೆಯನ ತಮ್ಮನೇ ಆಗಿದ್ದರೂ ಸರಿ.

ಹೊತ್ತಿನ ವಿಷಯವೂ ಇದೆ. ಬರ್ಲಿನ್‌ನ ಬೆರ್ಗೈನ್ ಕ್ಲಬ್‌ನಲ್ಲಿ ಶನಿವಾರ ರಾತ್ರಿ ಶುರುವಾದದ್ದು ಸೋಮವಾರ ಬೆಳಗ್ಗೆವರೆಗೂ ನಡೆಯುತ್ತದೆ. ನಾವು ರಾತ್ರಿ 1 ಗಂಟೆಗೆ ಬಾಗಿಲು ಹಾಕಬೇಕು. ಜನ ಬರುವುದು ಹತ್ತೂವರೆಗೆ. ಹಾಗಾಗಿ ವ್ಯಾಪಾರಕ್ಕೆ ಸಿಗುವುದು ಎರಡೂವರೆ ಗಂಟೆ. ಯೂಟ್ಯೂಬ್‌ನಲ್ಲಿ ಲಂಡನ್, ಬರ್ಲಿನ್ ಪ್ರಮೋಟರ್‌ಗಳು ಹೇಳುವ ಲೆಕ್ಕ ಇಲ್ಲಿ ಕೂರುವುದಿಲ್ಲ. ಇದಕ್ಕೆ ನನ್ನ ಸಲಹೆ, ಭಾನುವಾರ ಸಂಜೆ 4ರಿಂದ 10ರವರೆಗೆ ಮಾಡಿ ನೋಡಿ. ಆರು ಗಂಟೆ ಸಿಗುತ್ತದೆ. ಮರುದಿನ ಆಫೀಸ್ ಇರುವವರೂ ಬರುತ್ತಾರೆ. ಆ ಹೊತ್ತಿಗೆ ಖಾಲಿ ಹೊಡೆಯುವ ಕ್ಲಬ್‌ನವರು ಬಾರ್ ಪಾಲಿನಲ್ಲಿ ಜಾಸ್ತಿ ಚೌಕಾಸಿ ಮಾಡುವುದಿಲ್ಲ. ಶನಿವಾರ ಅವರಿಗೆ ನೀವು ಬೇಕಾಗಿಲ್ಲ, ನೀವಿಲ್ಲದೆಯೂ ತುಂಬುತ್ತದೆ.

ಕೆಲಸ ಬಿಡುವ ಮಾತಿಗೆ ಬರೋಣ. ತಿಂಗಳಿಗೆ ಎರಡು ರಾತ್ರಿ ಚೆನ್ನಾಗಿ ನಡೆದರೂ ಮೇಲಿನ ಲೆಕ್ಕದಲ್ಲಿ 38,200. ಗೆಳೆಯರು ಹಂಚಿಕೊಂಡರೆ ಎಷ್ಟು ಉಳಿಯಿತು? ಇದೊಂದರಲ್ಲೇ ಬದುಕುವ ಪ್ರಮೋಟರ್‌ಗಳು ನೈಟ್ ಜೊತೆ ಬೇರೆ ಕೆಲಸವನ್ನೂ ಕಟ್ಟಿಕೊಂಡಿರುತ್ತಾರೆ. ತಮ್ಮ ರೆಸಿಡೆಂಟ್‌ಗಳನ್ನು ಬೇರೆ ಊರಿಗೆ ಬುಕ್ ಮಾಡಿಸಿ ಕಮಿಷನ್ ತಗೊಳ್ಳುತ್ತಾರೆ. ಕ್ಲಬ್‌ಗೆ ಇಡೀ ತಿಂಗಳ ಡಿಜೆ ಪಟ್ಟಿ ಮಾಡಿಕೊಟ್ಟು ಸಂಬಳ ಪಡೆಯುತ್ತಾರೆ. ಫೆಸ್ಟಿವಲ್‌ಗಳಲ್ಲಿ ಒಂದು ಸ್ಟೇಜ್ ವಹಿಸಿಕೊಳ್ಳುತ್ತಾರೆ. ಆ ದಾರಿಗಳಲ್ಲಿ ಒಂದಾದರೂ ತೆರೆದ ಮೇಲೆ ರಾಜೀನಾಮೆ ಯೋಚನೆ ಮಾಡಿ.

ಪ್ರಶ್ನೆ: ಕ್ಲಬ್‌ನವರು 'ಟಿಕೆಟ್ ಬೇಡ, ಕವರ್ ಚಾರ್ಜ್ ಇಡೋಣ, ಪೂರ್ತಿ ರಿಡೀಮ್ ಆಗುತ್ತೆ, ಜನ ಜಾಸ್ತಿ ಬರ್ತಾರೆ' ಅನ್ನುತ್ತಾರೆ. ಜೊತೆಗೆ 2 ಲಕ್ಷ ಬಾರ್ ವ್ಯಾಪಾರ ಆಗದಿದ್ದರೆ ಕೊರತೆ ನಾನು ತುಂಬಬೇಕಂತೆ. ಒಪ್ಪಬಹುದಾ? ಲೈಸೆನ್ಸ್ ಯಾರ ಹೊಣೆ?
— ಓದುಗಿ, ವೈಟ್‌ಫೀಲ್ಡ್

ಉತ್ತರ: ಹೀಗೇ ಇದ್ದರೆ ಒಪ್ಪಬೇಡಿ. ರಿಡೀಮ್ ಆಗುವ ಕವರ್ ಅಂದರೆ ಗೇಟಿನಲ್ಲಿ ಕೊಟ್ಟ 1,000 ರೂಪಾಯಿ ಒಳಗೆ ಊಟ, ಡ್ರಿಂಕ್ಸ್ ಆಗಿ ಹೋಗುತ್ತದೆ. ಅಷ್ಟೂ ಕ್ಲಬ್‌ನ ವ್ಯಾಪಾರ. ನಿಮಗೆ ಗೇಟಿನ ಆದಾಯವೇ ಇಲ್ಲ, ಮೇಲಿಂದ ಕೊರತೆಯ ಹೊರೆ ಬೇರೆ. ಕವರ್ ಬೇಕೇ ಬೇಕು ಅಂದರೆ ಅದನ್ನು ಒಡೆಯಿರಿ: 1,000ದಲ್ಲಿ 400 ಎಂಟ್ರಿ, 600 ರಿಡೀಮ್. ಆ 400 ನಿಮ್ಮದು. ಕನಿಷ್ಠ ವ್ಯಾಪಾರದ ಗ್ಯಾರಂಟಿ ಕೊಡುವುದಾದರೆ ಅದನ್ನು ದಾಟಿದ ಮೇಲಿನ ಪಾಲು ಜಾಸ್ತಿ ಇರಬೇಕು. ನಷ್ಟಕ್ಕೆ ಮಾತ್ರ ನೀವು ಪಾಲುದಾರರಾದರೆ ಅದು ಯಾವ ನ್ಯಾಯ ಹೇಳಿ?

ಬಾರ್ ಪಾಲು ಅಂತ ಬರೆಸುವಾಗ ಯಾವುದರ ಪಾಲು ಅಂತ ಬಿಡಿಸಿ ಬರೆಸಿ. ಮದ್ಯ ಜಿಎಸ್‌ಟಿಯಲ್ಲಿ ಬರುವುದಿಲ್ಲ, ಊಟ ಬರುತ್ತದೆ. ತೆರಿಗೆ, ಸರ್ವಿಸ್ ಚಾರ್ಜ್ ಕಳೆದ ಮೇಲಿನ ಮೊತ್ತ ಅನ್ನುವುದು ಸರಿಯೇ. ಆದರೆ ಊಟವೂ ಸೇರಬೇಕು, ಬುಕ್ ಆದ ಟೇಬಲ್‌ಗಳೂ ಸೇರಬೇಕು. 'ಆ ಟೇಬಲ್ ನಮ್ಮ ಹೌಸ್ ಗೆಸ್ಟ್ ಕಣ್ರೀ' ಅಂತ ಮ್ಯಾನೇಜರ್ ಹೇಳಿದರೆ ಅವತ್ತಿನ ದೊಡ್ಡ ಬಿಲ್‌ಗಳೆಲ್ಲ ನಿಮ್ಮ ಲೆಕ್ಕದಿಂದ ಹೊರಗೆ ಹೋದಂತೆ.

ಆ ರಾತ್ರಿಯೇ ಲೆಕ್ಕ ಮುಗಿಸಿ. ಗೇಟಿನಲ್ಲಿ ಕಟ್ಟುವ ರಿಸ್ಟ್‌ಬ್ಯಾಂಡ್‌ಗಳ ಮೇಲೆ ಸೀರಿಯಲ್ ನಂಬರ್ ಇರುತ್ತದೆ. ಬಾಗಿಲು ತೆಗೆಯುವ ಮೊದಲು ರೋಲ್‌ನ ಮೊದಲ ನಂಬರಿನ ಫೋಟೋ ತೆಗೆಯಿರಿ, ಗೇಟ್ ಮುಚ್ಚಿದಾಗ ಉಳಿದ ರೋಲ್‌ನ ಮೇಲಿನ ನಂಬರಿನದ್ದು. ದುಡ್ಡು ಕೊಟ್ಟವರಿಗೆ ಒಂದು ಬಣ್ಣ, ಗೆಸ್ಟ್‌ಲಿಸ್ಟ್‌ಗೆ ಇನ್ನೊಂದು. ಎಷ್ಟು ಜನ ಅನ್ನುವ ಜಗಳವೇ ಬರುವುದಿಲ್ಲ. ಒಂದೂಕಾಲಿಗೆ ಬಿಲ್ಲಿಂಗ್ ಕೌಂಟರ್ ಮುಂದೆ ನಿಂತು ಅವತ್ತಿನ ಸೇಲ್ಸ್ ರಿಪೋರ್ಟ್ ಪ್ರಿಂಟ್ ತೆಗೆಸಿ, ಇಬ್ಬರೂ ಸಹಿ ಹಾಕಿ. 'ನಾಳೆ ಮೇಲ್ ಮಾಡ್ತೀವಿ' ಅಂದರೆ ಆಗಲಿ, ಆದರೆ ಪ್ರಿಂಟಿನ ಫೋಟೋ ಈಗಲೇ ಬೇಕು ಅನ್ನಿ.

ಲೈಸೆನ್ಸ್ ಕ್ಲಬ್‌ನ ಹೊಣೆ ಅಂತ ಒಪ್ಪಂದದಲ್ಲಿ ಬರೆಸಿ, ಆದರೂ ಕಣ್ಣಾರೆ ನೋಡಿ. ಅಬಕಾರಿಯ ಸಿಎಲ್-9 ಅಥವಾ ಸಿಎಲ್-7 ಲೈಸೆನ್ಸ್ ಇದ್ದರೆ ಮದ್ಯ ಮಾರಬಹುದು ಅಷ್ಟೆ, ಕುಣಿಸಲು ಪೊಲೀಸ್ ಇಲಾಖೆಯ ಅನುಮತಿ ಬೇರೆ. ಬೆಂಗಳೂರಿನಲ್ಲಿ 2005ರ ಸಾರ್ವಜನಿಕ ಮನರಂಜನಾ ಸ್ಥಳಗಳ ಆದೇಶ ಇದೆ, ಅದನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ವರ್ಷ ಇಂದಿರಾನಗರದ ಕಡೆ ಎಷ್ಟೋ ಜಾಗಗಳಲ್ಲಿ ಸಂಗೀತವೇ ನಿಂತಿತ್ತು. ರೆಕಾರ್ಡ್ ಆದ ಹಾಡು ಹಾಕಲು ಹಕ್ಕುದಾರರ ಲೈಸೆನ್ಸ್ ಬೇಕು: ರೆಕಾರ್ಡಿಂಗ್‌ಗೆ ಪಿಪಿಎಲ್ ಸಂಸ್ಥೆಯದ್ದು, ಸಾಹಿತ್ಯ ಮತ್ತು ರಾಗ ಸಂಯೋಜನೆಗೆ ಐಪಿಆರ್‌ಎಸ್ ಸಂಸ್ಥೆಯದ್ದು. ಕ್ಲಬ್ ಇಡೀ ವರ್ಷಕ್ಕೆ ತಗೊಂಡಿದ್ದರೂ ಟಿಕೆಟ್ ಇಟ್ಟ ಕಾರ್ಯಕ್ರಮ ಅದರಲ್ಲಿ ಸೇರಿದೆಯಾ ಅಂತ ಕೇಳಿ. ಪೊಲೀಸರು ಹಾಡು ನಿಲ್ಲಿಸಿದರೆ ಡಿಜೆ ಫೀಸು ಮತ್ತು ಟಿಕೆಟ್ ವಾಪಸಿನ ಖರ್ಚು ಕ್ಲಬ್ ಕೊಡಬೇಕು ಅನ್ನುವ ಒಂದು ಸಾಲು ಒಪ್ಪಂದದಲ್ಲಿ ಇರಲೇಬೇಕು. ಅದಕ್ಕೆ ಒಪ್ಪದ ಕ್ಲಬ್ ಏನನ್ನೋ ಮುಚ್ಚಿಡುತ್ತಿದೆ ಅಂತಲೇ ನಾನು ತಿಳಿಯುತ್ತೇನೆ.

ಪ್ರಶ್ನೆ: ಮೈಸೂರಿನಲ್ಲಿ ಇದು ನಡೆಯುತ್ತದಾ?
— ಓದುಗ, ಕುವೆಂಪುನಗರ

ಉತ್ತರ: ಪ್ರತಿ ವಾರ ನಡೆಯುವುದಿಲ್ಲ. ಎರಡು ತಿಂಗಳಿಗೊಮ್ಮೆ ನಡೆಯಬಹುದು. ಬೆಂಗಳೂರಿನ ಡಿಜೆಗೆ ಫ್ಲೈಟ್ ಬೇಡ, ರೈಲಿನಲ್ಲಿ ಬಂದು ಹೋಗಬಹುದು, ಅದೇ ನಿಮಗಿರುವ ಲಾಭ. 60ರಿಂದ 80 ಜನ ಹಿಡಿಯುವ ಜಾಗ ಹುಡುಕಿ. ಗೆಸ್ಟ್‌ಲಿಸ್ಟ್ ಹತ್ತು ದಾಟದಿರಲಿ. ಚಿಕ್ಕ ಊರಿನಲ್ಲಿ ಎಲ್ಲರೂ ಪರಿಚಯದವರೇ, ಎಲ್ಲರೂ 'ಮಗಾ, ನನ್ನ ಹೆಸರು ಹಾಕು' ಅನ್ನುವವರೇ. ಹಾಲ್‌ನಲ್ಲಿ ಅಲ್ಲದೆ ಊರ ಹೊರಗಿನ ರೆಸಾರ್ಟ್ ತೋಟದಲ್ಲಿ ಮಾಡುವುದಾದರೆ ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಅವಕಾಶ ಇಲ್ಲ. ಮದ್ಯದ ಲೈಸೆನ್ಸ್ ಇಲ್ಲದ ಜಾಗಕ್ಕೆ ಅಬಕಾರಿಯಿಂದ ಸಿಎಲ್-5, ಅಂದರೆ ಆ ಒಂದು ಸಂದರ್ಭದ ಮಟ್ಟಿಗಿನ ಲೈಸೆನ್ಸ್, ತಗೊಳ್ಳಬೇಕು.

ಪ್ರಶ್ನೆ: ಬರ್ಲಿನ್‌ನ ಒಬ್ಬ ಡಿಜೆ 1,500 ಯೂರೋ 'ನೆಟ್' ಅಂದಿದ್ದಾರೆ. ಫ್ಲೈಟ್ ಬೇರೆ. ಕರೆಸಲಾ?
— ಓದುಗ, ಜಯನಗರ

ಉತ್ತರ: ನೆಟ್ ಅಂದರೆ ಅಷ್ಟೂ ಅವರ ಕೈಗೆ ಸೇರಬೇಕು, ತೆರಿಗೆ ನಿಮ್ಮ ತಲೆಗೆ. ವಿದೇಶಿ ಕಲಾವಿದರ ಫೀಸಿಗೆ 20% ತೆರಿಗೆ ಹಿಡಿಯಬೇಕು, ಸೆಸ್ ಸೇರಿ 20.8%. ಕೈಗೆ 1,500 ಸಿಗಬೇಕಾದರೆ ಫೀಸು ಸುಮಾರು 1,894 ಯೂರೋ ಆಗುತ್ತದೆ. ಹೊರದೇಶದ ಸೇವೆಯಾದ್ದರಿಂದ ಅದರ ಮೇಲೆ 18% ಜಿಎಸ್‌ಟಿಯನ್ನೂ ನೀವೇ ಕಟ್ಟಬೇಕು, ಇನ್ನೊಂದು 341. ಅಲ್ಲಿಗೆ ಫ್ಲೈಟ್, ಹೋಟೆಲ್‌ಗೂ ಮೊದಲೇ 2,235 ಯೂರೋ. ವ್ಯಾಪಾರ ವರ್ಷಕ್ಕೆ 20 ಲಕ್ಷದ ಒಳಗಿದ್ದರೆ ಜಿಎಸ್‌ಟಿ ನೋಂದಣಿ ಬೇಡ ಅನ್ನುವ ರಿಯಾಯಿತಿಯೂ ಇಲ್ಲಿ ನಡೆಯುವುದಿಲ್ಲ. ಟೂರಿಸ್ಟ್ ವೀಸಾದಲ್ಲಿ ಬಂದು ಪ್ಲೇ ಮಾಡಿದರೆ ಕಲಾವಿದರೂ ಸಿಕ್ಕಿಬೀಳುತ್ತಾರೆ, ನೀವೂ.

ಒಬ್ಬರೇ ಕರೆಸಬೇಡಿ. ಮುಂಬೈ, ದೆಹಲಿ, ಗೋವಾದ ಪ್ರಮೋಟರ್‌ಗಳಿಗೆ ಬರೆಯಿರಿ. ನಾಲ್ಕು ಊರು ಸೇರಿದರೆ ಯೂರೋಪಿನ ಫ್ಲೈಟ್ ನಾಲ್ಕು ಪಾಲಾಗುತ್ತದೆ, ಫೀಸೂ ಇಳಿಯುತ್ತದೆ. ಗೋವಾದವರು ಶನಿವಾರವನ್ನೇ ಕೇಳುತ್ತಾರೆ, ಬಿಟ್ಟುಕೊಡಿ. ನೀವು ಗುರುವಾರ ಇಲ್ಲವೇ ಭಾನುವಾರ ಸಂಜೆ ತಗೊಂಡು, ಅದೇ ಕಾರಣ ಹೇಳಿ ಫೀಸು ಕಡಿಮೆ ಮಾಡಿಸಿ. ವೀಸಾ ಮತ್ತು ತೆರಿಗೆ ಯಾರ ಹೆಸರಿನಲ್ಲಿ ಅಂತ ಅಡ್ವಾನ್ಸ್ ಕಳಿಸುವ ಮೊದಲೇ ನಾಲ್ವರೂ ಇಮೇಲ್‌ನಲ್ಲಿ ಬರೆದುಕೊಳ್ಳಿ, ಮತ್ತೆ ಒಬ್ಬ ಸಿಎಗೆ ತೋರಿಸಿ.